ಕ್ಲಚ್ಚಾ, ಗೇರ್ ಬಾಕ್ಸಾ? ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ನೋಡೋಕೆ ಹೋದ ಕಥೆ, 8 ಭಾಗಗಳಲ್ಲಿ

ಭಾಗ 1/8

"ಕ್ಲಚ್ ಹೋಗಿದೆ" ಅನ್ನೋದು ಕಾಯಿಲೆ ಹೆಸರಲ್ಲ ಫ್ರೆಂಡ್ಸ್. "ಮೈ ಬಿಸಿ ಇದೆ" ಅಂದ ಹಾಗೆ ಅಷ್ಟೆ. ಯಾಕೆ ಬಿಸಿ ಇದೆ ಅಂತ ಗೊತ್ತಾಗದೆ ಒಳ್ಳೆ ಡಾಕ್ಟರ್ ಔಷಧಿ ಬರೆಯಲ್ಲ. ಸೆಕೆಂಡ್ ಹ್ಯಾಂಡ್ ಕಾರ್ ವಿಷಯದಲ್ಲಿ ಮಾತ್ರ ನಾವು ಕಾರಣ ಕೇಳದೆ ಲಕ್ಷಗಟ್ಟಲೆ ಕೊಟ್ಟು ಬರ್ತೀವಿ.

ಹೋದ ವಾರ ಅಣ್ಣನ ಕಾರ್ ಫೋಟೋ ಹಾಕಿದ್ಮೇಲೆ ಡಿಎಂನಲ್ಲಿ ಎಲ್ರೂ ಕೇಳಿದ್ದು ಒಂದೇ: "ಹಳೇ ಸ್ಪೋರ್ಟ್ಸ್ ಕಾರ್ ತಗೊಳ್ಳೋಕೆ ಭಯ ಆಗ್ಲಿಲ್ವಾ?" ಆಯ್ತು. ಭಯ ಆಗಿದ್ದಕ್ಕೇ ಇಷ್ಟೆಲ್ಲ ಚೆಕ್ ಮಾಡಿದ್ದು. ಅದನ್ನೇ ಬರೀತಿದೀನಿ.

ಅಣ್ಣ ಅಂದ್ರೆ ನಮ್ಮ ದೊಡ್ಡಪ್ಪನ ಮಗ. ಪೀಣ್ಯದಲ್ಲಿ ಒಂದು ಮಷಿನ್ ಶಾಪ್‌ನಲ್ಲಿ ಕೆಲಸ. ಕಾರು ಅಬಾರ್ತ್ ಪುಂಟೊ. 2015ರಲ್ಲಿ ಬಂದಿದ್ದು. 1.4 ಲೀಟರ್ ಟರ್ಬೊ ಪೆಟ್ರೋಲ್, 145 ಬಿಎಚ್‌ಪಿ, ಐದು ಗೇರಿನ ಮ್ಯಾನ್ಯುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. "ಹ್ಯಾಚ್‌ಬ್ಯಾಕ್ ತಾನೇ, ಅದೆಂಥ ಸ್ಪೋರ್ಟ್ಸ್ ಕಾರು" ಅಂತ ನಗೋರು ನಗ್ಲಿ. ಅದು ಬಂದಾಗ ಅಣ್ಣ ಡಿಪ್ಲೊಮಾ ಓದ್ತಿದ್ದ, ರೂಮಿನ ಗೋಡೆ ಮೇಲೆ ಅದರ ಚಿತ್ರ ಅಂಟಿಸಿದ್ದ. ಹೊಸದು ತಗೊಳ್ಳೋ ಯೋಗ ಇರ್ಲಿಲ್ಲ. ಈಗ ಫಿಯೆಟ್ ನಮ್ಮ ದೇಶದಲ್ಲಿ ಕಾರು ಮಾರೋದು ನಿಲ್ಲಿಸಿ ವರ್ಷಗಳೇ ಆಗಿವೆ. ಬೇಕು ಅಂದ್ರೆ ಹಳೇದೇ ಗತಿ.

ತುಮಕೂರಲ್ಲಿ ಒಂದು ಸಿಕ್ತು. ಕೇಳಿದ ಬೆಲೆ 5 ಲಕ್ಷ 40 ಸಾವಿರ. ಅಣ್ಣನ ಹತ್ರ ಇದ್ದಿದ್ದು ಸರಿಯಾಗಿ ಐದೂವರೆ. ನಾಲ್ಕು ವರ್ಷದ ಓಟಿ ದುಡ್ಡು. ದೊಡ್ಡಮ್ಮಂಗೆ ಅದನ್ನ ಸೈಟ್‌ಗೆ ಹಾಕ್ಲಿ ಅಂತ ಆಸೆ. ಕೊನೆಗೆ ಒಪ್ಕೊಂಡ್ರು, ಆದ್ರೆ ನನ್ನ ಕರೆದು ಹೇಳಿದ್ದು ಇಷ್ಟೇ: "ನೀನು ಬಿಕಾಂ ಅಲ್ವೇನೇ, ಲೆಕ್ಕ ನೋಡು. ಅವನಿಗೆ ಕಾರ್ ಕಂಡ್ರೆ ತಲೆ ನಿಲ್ಲಲ್ಲ."

ಹೀಗೆ ನಾನು ಹೋದೆ. ನನ್ನ ಹತ್ರ ಡ್ರೈವಿಂಗ್ ಲೈಸೆನ್ಸ್ ಇದೆ, ಒಂದು ನೋಟ್‌ಬುಕ್ ಇದೆ, ಫೋನ್ ಇದೆ. ಸಾಕು.

ಭಾಗ 2/8

ಫೋಟೋ 1: ಗ್ಯಾರೇಜ್‌ನಲ್ಲಿ ಬಿಚ್ಚಿಟ್ಟ ಹಳೇ ಕ್ಲಚ್ ಸೆಟ್.

ಚೆಕ್ ಮಾಡೋಕೆ ಮುಂಚೆ ಒಳಗೆ ಏನಾಗುತ್ತೆ ಅಂತ ಗೊತ್ತಿರಬೇಕು. ಜಾಲಹಳ್ಳಿ ಕ್ರಾಸ್ ಕಡೆ ಅಣ್ಣಂಗೆ ಗೊತ್ತಿರೋ ಒಬ್ರು ಗ್ಯಾರೇಜ್ ಮೇಸ್ತ್ರಿ ಇದ್ದಾರೆ. ಅವರು ನಂಗೆ ಎರಡು ಸ್ಟೀಲ್ ತಟ್ಟೆ, ಮಧ್ಯೆ ಒಂದು ಚಪಾತಿ ಇಟ್ಟು ಪಾಠ ಮಾಡಿದ್ರು. ನಿಜವಾಗ್ಲೂ. ಮಧ್ಯಾಹ್ನ ಊಟದ ಹೊತ್ತು.

ಒಂದು ತಟ್ಟೆ ಫ್ಲೈವೀಲ್. ಅದು ಇಂಜಿನ್‌ಗೆ ಬೋಲ್ಟ್ ಆಗಿರುತ್ತೆ, ಇಂಜಿನ್ ಜೊತೆಗೇ ತಿರುಗುತ್ತೆ. ಇನ್ನೊಂದು ತಟ್ಟೆ ಪ್ರೆಶರ್ ಪ್ಲೇಟ್. ಅದರಲ್ಲಿ ದೊಡ್ಡ ಸ್ಪ್ರಿಂಗ್ ಇದೆ. ಮಧ್ಯೆ ಇರೋ ಚಪಾತಿ ಕ್ಲಚ್ ಪ್ಲೇಟ್. ಅದು ಗೇರ್ ಬಾಕ್ಸ್‌ನ ಶಾಫ್ಟ್ ಮೇಲೆ ಕೂತಿರುತ್ತೆ. ಪೆಡಲ್ ಮೇಲಿದ್ದಾಗ ಸ್ಪ್ರಿಂಗ್ ಒತ್ತಿ ಮೂರೂ ಒಂದಾಗಿ ತಿರುಗುತ್ತವೆ, ಇಂಜಿನ್ ಶಕ್ತಿ ಚಕ್ರಕ್ಕೆ ಹೋಗುತ್ತೆ. ಪೆಡಲ್ ತುಳಿದ್ರೆ ರಿಲೀಸ್ ಬೇರಿಂಗ್ ಹೋಗಿ ಸ್ಪ್ರಿಂಗನ್ನ ತಳ್ಳುತ್ತೆ, ಹಿಡಿತ ಬಿಡುತ್ತೆ. ಆಗ ಗೇರ್ ಬದಲಾಯಿಸ್ತೀವಿ.

ಹಾಗಾದ್ರೆ ಕ್ಲಚ್ ಕೆಡೋದು ಮುಖ್ಯವಾಗಿ ಎರಡು ಥರ. ಒಂದು, ಹಿಡೀಬೇಕಾದಾಗ ಪೂರ್ತಿ ಹಿಡಿಯಲ್ಲ. ಅದು ಸ್ಲಿಪ್. ಎರಡು, ಬಿಡಬೇಕಾದಾಗ ಪೂರ್ತಿ ಬಿಡಲ್ಲ. ಅದಕ್ಕೆ ಡ್ರ್ಯಾಗ್ ಅಂತಾರೆ. ಇವೆರಡೂ ಒಂದಕ್ಕೊಂದು ಉಲ್ಟಾ ಕಾಯಿಲೆ, ಆದ್ರೆ ಜನ ಎರಡಕ್ಕೂ "ಕ್ಲಚ್ ಹೋಗಿದೆ" ಅಂತಾನೇ ಅನ್ನೋದು.

ಇದರ ಮುಂದೆ ಗೇರ್ ಬಾಕ್ಸ್. ಅಲ್ಲಿ ಸಿಂಕ್ರೊ ರಿಂಗ್ ಅಂತ ಹಿತ್ತಾಳೆ ಥರದ ಉಂಗುರಗಳಿವೆ. ಹೋಗೋ ಬಸ್ ಹತ್ತೋಕೆ ಬಸ್ಸಿನ ಜೊತೆ ಸ್ವಲ್ಪ ಓಡಿ, ಸ್ಪೀಡ್ ಸಮ ಆದ್ಮೇಲೆ ಹತ್ತಲ್ವಾ? ಹಾಗೆ ಗೇರಿನ ಸ್ಪೀಡನ್ನ ಸಮ ಮಾಡಿಕೊಟ್ಟು ಒಳಗೆ ಬಿಡೋದು ಇದರ ಕೆಲಸ. ಅದು ಸವೆದ್ರೆ ಹಲ್ಲಿಗೆ ಹಲ್ಲು ತಾಗಿ ಕರ್ರ್ ಅನ್ನುತ್ತೆ.

ಮೇಸ್ತ್ರಿ ಕೊನೆಗೆ ಹೇಳಿದ್ದು ನೋಟ್‌ಬುಕ್‌ನಲ್ಲಿ ಹಾಗೇ ಇದೆ: "ಕ್ಲಚ್ ಆದ್ರೆ ಖರ್ಚು ಎಷ್ಟು ಅಂತ ಇವತ್ತೇ ಹೇಳ್ತೀನಿ. ಗೇರ್ ಬಾಕ್ಸ್ ಆದ್ರೆ ಬಿಚ್ಚಿದ್ಮೇಲೇನೇ ಹೇಳೋದು." ನಮ್ಮ ಇಡೀ ಕೆಲಸ ಈ ಎರಡನ್ನ ಬೇರೆ ಮಾಡೋದು.

ಭಾಗ 3/8

ಫೋಟೋ 2: ಬಾನೆಟ್ ಮೇಲೆ ಅಣ್ಣನ ಕೈ.

ಮೊದಲನೇ ಸಲ ಹೋದಾಗ ಕಾರು ಬಾಗಿಲಲ್ಲೇ ಸ್ಟಾರ್ಟ್ ಆಗಿ ನಿಂತಿತ್ತು. "ಬನ್ನಿ ಸರ್, ಓಡಿಸಿ ನೋಡಿ" ಅಂದ್ರು. ಅಣ್ಣ ಬಾನೆಟ್ ಮುಟ್ಟಿದ, ಸುಡ್ತಿತ್ತು. ಓಡಿಸ್ಲಿಲ್ಲ. "ನಾಳೆ ಬೆಳಗ್ಗೆ ಏಳಕ್ಕೆ ಬರ್ತೀವಿ ಸರ್, ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ ವಾಪಸ್ ಬಂದ್ವಿ. ಗೇರ್ ಆಯಿಲ್ ತಣ್ಣಗಿದ್ದಾಗ ಮಂದ ಇರುತ್ತೆ. ಸವೆದ ಸಿಂಕ್ರೊ ಆಗ ಸಿಕ್ಕಿ ಬೀಳುತ್ತೆ. ಬಿಸಿ ಆದ್ಮೇಲೆ ಎಷ್ಟೋ ಗೇರ್ ಬಾಕ್ಸ್ ಒಳ್ಳೆ ಹುಡುಗನ ಥರ ನಾಟಕ ಮಾಡುತ್ತೆ.

ಮಾರನೇ ದಿನ ಬೆಳಗ್ಗೆ, ಇಂಜಿನ್ ಆನ್ ಮಾಡೋಕೆ ಮುಂಚೆ ಮಾಡಿದ್ದು ಮೂರು ಕೆಲಸ. ನೀವೂ ಮಾಡಿ, ದುಡ್ಡು ಖರ್ಚಿಲ್ಲ.

ಒಂದು, ಪೆಡಲ್. ಈ ಕಾರಿನ ಕ್ಲಚ್ ಹೈಡ್ರಾಲಿಕ್. ಅಂದ್ರೆ ಕೇಬಲ್ ಬದಲು ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತೆ. ನಿಧಾನಕ್ಕೆ ತುಳಿದು ಬಿಡಿ. ಮೆತ್ತಗೆ ಸ್ಪಂಜಿನ ಥರ ಇದ್ರೆ, ಕೆಳಗೆ ಹೋಗಿ ಅಲ್ಲೇ ಕೂತ್ರೆ, ಎರಡು ಮೂರು ಸಲ ಪಂಪ್ ಮಾಡಿದ್ಮೇಲೆ ಗಟ್ಟಿ ಆದ್ರೆ, ಲೈನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಸೋರ್ತಿದೆ ಅಂತ ಅನುಮಾನ ಪಡಿ. ಇದು ಕ್ಲಚ್ ಪ್ಲೇಟ್ ಸಮಸ್ಯೆಗಿಂತ ಸಾಮಾನ್ಯವಾಗಿ ಅಗ್ಗ.

ಎರಡು, ಒದ್ದೆ. ಬಗ್ಗಿ ಪೆಡಲ್ ಮೇಲ್ಗಡೆ ಕೈ ಹಾಕಿ, ಮ್ಯಾಟ್ ಎತ್ತಿ ನೋಡಿ. ಬೆರಳಿಗೆ ಜಿಡ್ಡು ಬಂದ್ರೆ ಮಾಸ್ಟರ್ ಸಿಲಿಂಡರ್ ಸೋರಿರಬಹುದು. ಬಾನೆಟ್ ಎತ್ತಿ ಫ್ಲೂಯಿಡ್ ಡಬ್ಬಿಯ ಗೆರೆ ನೋಡಿ. ತುಂಬ ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ.

ಮೂರು, ಇಂಜಿನ್ ಆಫ್ ಇದ್ದಾಗಲೇ ಕ್ಲಚ್ ತುಳಿದು ಎಲ್ಲ ಗೇರ್ ಹಾಕಿ ತೆಗೀರಿ. ಆಮೇಲೆ ಸ್ಟಾರ್ಟ್ ಮಾಡಿ ಅದನ್ನೇ ನಿಂತಲ್ಲೇ ಮಾಡಿ. ಆಫ್ ಇದ್ದಾಗ ಸಲೀಸು, ಆನ್ ಇದ್ದಾಗ ಒಂದನೇ ಗೇರೂ ರಿವರ್ಸೂ ಕಷ್ಟ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ, ಡ್ರ್ಯಾಗ್. ಆಫ್ ಇದ್ದಾಗಲೂ ಕಷ್ಟ ಅಂದ್ರೆ ಗೇರ್ ಲಿವರಿನ ಕೇಬಲ್, ಲಿಂಕೇಜ್, ಇಲ್ಲ ಗೇರ್ ಬಾಕ್ಸ್ ಒಳಗೆ ನೋಡಬೇಕು.

ನಮ್ಮ ಕಾರು ಮೂರರಲ್ಲೂ ಪಾಸ್. ಅಣ್ಣನ ಮುಖ ಅರಳ್ತು. ನಾನು "ಇರು" ಅಂದೆ.

ಭಾಗ 4/8

ಫೋಟೋ 3 ಮತ್ತು 4: ಡ್ಯಾಶ್‌ಬೋರ್ಡ್ ವಿಡಿಯೋದ ಎರಡು ಫ್ರೇಮ್. ಮೊದಲು ಎರಡನ್ನೂ ಸರಿಯಾಗಿ ನೋಡಿ.

ಕ್ಲಚ್ ಸ್ಲಿಪ್ ಹಿಡಿಯೋಕೆ ಏರು ಬೇಕು. ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಕಡೆ ಹತ್ತೋ ರಸ್ತೆಗೆ ಹೋದ್ವಿ. ಬೆಳಗ್ಗೆ ಬೇಗ, ಗಾಡಿಗಳಿರ್ಲಿಲ್ಲ. ಅಣ್ಣ ಡ್ರೈವಿಂಗ್, ಮಾರ್ತಿದ್ದವರು ಪಕ್ಕದಲ್ಲಿ, ನಾನು ಹಿಂದಿನ ಸೀಟಿನ ಮಧ್ಯೆ ಫೋನ್ ಹಿಡ್ಕೊಂಡು. ಅವರು ಮಾತಾಡಿದ್ದೆಲ್ಲ ಅಣ್ಣನ ಜೊತೆಗೇ. ನನ್ನ ಕೈಯಲ್ಲಿದ್ದ ಫೋನ್ ನೋಡಿ "ರೀಲ್ಸಾ ಮೇಡಂ?" ಅಂದ್ರು. ಹೂಂ ಅಂದೆ.

ಟೆಸ್ಟ್ ಹೀಗೆ. ಗೇರ್ ಬಿದ್ದು ಕ್ಲಚ್ ಪೂರ್ತಿ ಬಿಟ್ಟಿದ್ದಾಗ ಇಂಜಿನ್ನೂ ಚಕ್ರವೂ ಒಂದೇ ಹಗ್ಗಕ್ಕೆ ಕಟ್ಟಿದ ಜೋಡೆತ್ತು. ಆರ್‌ಪಿಎಂ ಏರಿದಷ್ಟೇ ಸ್ಪೀಡ್ ಏರಬೇಕು. ಒಂದು ಓಡಿ ಇನ್ನೊಂದು ನಿಂತ್ರೆ ಹಗ್ಗ ಜಾರ್ತಿದೆ ಅಂತ ಅರ್ಥ. ನಾಲ್ಕನೇ ಗೇರ್, ಸುಮಾರು 50 ಕಿ.ಮೀ. ಸ್ಪೀಡ್, ಏರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಕಡಿಮೆ ಗೇರಲ್ಲಿ ಮಾಡಿದ್ರೆ ಕಾರು ಸುಲಭವಾಗಿ ಓಡಿಬಿಡುತ್ತೆ, ಸ್ಲಿಪ್ ಬಚ್ಚಿಟ್ಕೊಳ್ಳುತ್ತೆ. ಅದರಲ್ಲೂ ಟರ್ಬೊ ಕಾರಲ್ಲಿ ಮಧ್ಯದ ಆರ್‌ಪಿಎಂನಲ್ಲಿ ಟಾರ್ಕ್ ದಬಕ್ಕಂತ ಬರುತ್ತೆ. ಸುಸ್ತಾದ ಕ್ಲಚ್ ಕೈ ಬಿಡೋದು ಆ ಕ್ಷಣದಲ್ಲಿ.

ಕಣ್ಣಿಗೆ ಏನೂ ಗೊತ್ತಾಗ್ಲಿಲ್ಲ. ಕಾರು ಚೆನ್ನಾಗೇ ಹತ್ತಿತು. ಇಳಿದು ಟೀ ಕುಡಿಯುವಾಗ ವಿಡಿಯೋನ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸಮ ರಸ್ತೆಯಲ್ಲಿ ನಾಲ್ಕನೇ ಗೇರ್, 50 ಕಿ.ಮೀ.ಗೆ ಮುಳ್ಳು 1,900ರ ಹತ್ರ. ಏರಲ್ಲಿ ಅದೇ ಗೇರ್, 52 ಕಿ.ಮೀ., ಮುಳ್ಳು 2,700. ಒಂದೇ ಕ್ಷಣ, ಆಮೇಲೆ ಮತ್ತೆ ಇಳಿದಿದೆ. ಅದೇ ಗೇರ್, ಹೆಚ್ಚುಕಮ್ಮಿ ಅದೇ ಸ್ಪೀಡ್. 800 ಆರ್‌ಪಿಎಂ ಎಲ್ಲಿಗೆ ಹೋಯ್ತು? ಶಾಖ ಆಗಿ ಹೋಯ್ತು.

ಬಿಲ್ ಒಂದು, ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಂದು ಹೇಳಿದ್ರೆ ಆಡಿಟಲ್ಲಿ ಏನ್ಮಾಡ್ತೀವಿ? ಅದೇ. ಇನ್ನೊಂದು ಸಲ ಮಾಡಿದ್ವಿ, ಅದೇ ಬಂತು. ಮೂರನೇ ಸಲ ಮಾಡ್ಲಿಲ್ಲ, ಬೇರೆಯವರ ಕಾರನ್ನ ಟೆಸ್ಟ್ ಹೆಸರಲ್ಲಿ ಸುಡಬಾರದು.

ಕ್ಲಚ್ ಬೇಗ ಮೇಲೆ ಹಿಡಿಯೋದು, ಸುಟ್ಟ ವಾಸನೆ, ಇವೂ ಸುಳಿವುಗಳೇ. ಆದ್ರೆ ಸುಳಿವಷ್ಟೇ. ಆರ್‌ಪಿಎಂ ಮತ್ತು ಸ್ಪೀಡು ತಾಳೆ ಆಗದೇ ಇರೋದು ಸಾಕ್ಷಿ.

ಭಾಗ 5/8

ಫೋಟೋ 5: ಗೇರ್ ನಾಬ್.

ಸ್ಲಿಪ್ ಒಂದೇ ಆಗಿದ್ರೆ ಕಥೆ ಸುಲಭ ಇತ್ತು. ಬೆಳಗ್ಗೆ ತಣ್ಣಗಿದ್ದಾಗ ಮೊದಲ ಹತ್ತು ನಿಮಿಷ ಇನ್ನೊಂದು ನಡೆದಿತ್ತು. ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ ಕರ್ರ್ ಅಂತು. ಒಂದರಿಂದ ಎರಡಕ್ಕೆ ಬೇಗ ಹಾಕಿದ್ರೂ ಸಣ್ಣಗೆ ಅದೇ ಸದ್ದು. ಬೇರೆ ಯಾವ ಗೇರಲ್ಲೂ ಇಲ್ಲ. ಇಂಜಿನ್ ಬಿಸಿ ಆಗ್ತಾ ಆಗ್ತಾ ಸದ್ದೂ ಮಾಯ.

ಮಾರ್ತಿದ್ದವರು ಅಂದ್ರು: "ಅದೇ ಸರ್, ಕ್ಲಚ್ ಸ್ವಲ್ಪ ಅಡ್ಜಸ್ಟ್ ಮಾಡಿಸಿದ್ರೆ ಆಯ್ತು, ಐನೂರು ರೂಪಾಯಿ ಕೆಲಸ."

ಇಲ್ಲಿ ಎಷ್ಟೋ ಜನ ತಲೆ ಆಡಿಸಿ ಬರ್ತಾರೆ. ಯೋಚ್ನೆ ಮಾಡಿ. ಕ್ಲಚ್ ಪೂರ್ತಿ ಬಿಡದೇ ಇದ್ರೆ ಎಲ್ಲ ಗೇರಿಗೂ ತೊಂದರೆ ಆಗಬೇಕು, ಅದರಲ್ಲೂ ನಿಂತಲ್ಲಿ ಒಂದನೇದು, ರಿವರ್ಸು. ಅವು ಸಲೀಸಾಗಿ ಬಿದ್ದಿದ್ವು. ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದು ಐದು ಸೆಕೆಂಡ್ ಕಾದು ರಿವರ್ಸ್ ಹಾಕಿದ್ರೂ ಸದ್ದಿಲ್ಲ. ಒಂದೇ ಗೇರು ಕೂಗ್ತಿದೆ ಅಂದ್ರೆ ಅನುಮಾನ ಆ ಗೇರಿನ ಸಿಂಕ್ರೊ ಮೇಲೆ.

ಅನುಮಾನ ಸಾಕಾಗಲ್ಲ. ಇದಕ್ಕೂ ಒಂದು ಪರೀಕ್ಷೆ ಇದೆ, ಹಳೇ ಲಾರಿ ಡ್ರೈವರ್‌ಗಳಿಗೆ ಚೆನ್ನಾಗಿ ಗೊತ್ತು: ಡಬಲ್ ಕ್ಲಚ್. ಕ್ಲಚ್ ತುಳಿದು ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಗೇರ್ ಇಳಿಸ್ತಿದ್ರೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಇಂಜಿನ್ ಏರಿಸಿ. ಮತ್ತೆ ಕ್ಲಚ್ ತುಳಿದು ಎರಡನೇ ಗೇರ್ ಹಾಕಿ. ಹೀಗೆ ಮಾಡಿದಾಗ ಗೇರಿನ ಸ್ಪೀಡನ್ನ ನೀವೇ ಸಮ ಮಾಡಿದ ಹಾಗೆ, ಸಿಂಕ್ರೊಗೆ ಕೆಲಸ ಉಳಿಯಲ್ಲ. ಆಗ ಸದ್ದು ನಿಂತ್ರೆ ಕ್ಲಚ್ ಬಿಡ್ತಿದೆ, ಸಿಂಕ್ರೊ ಸವೆದಿದೆ ಅಂತ ಲೆಕ್ಕ.

ಮೂರನೇ ದಿನ ಬೆಳಗ್ಗೆ ಮತ್ತೆ ಹೋಗಿ ತಣ್ಣಗಿದ್ದಾಗಲೇ ಮಾಡಿದ್ವಿ. ಮಾಮೂಲಿ ಥರ ಹಾಕಿದ್ರೆ ಕರ್ರ್. ಡಬಲ್ ಕ್ಲಚ್ ಮಾಡಿದ್ರೆ ಬೆಣ್ಣೆ. ನಾಲ್ಕು ಸಲ ನಾಲ್ಕೂ ಹಾಗೇ.

ಅಣ್ಣ ಸ್ಟೀರಿಂಗ್ ಮೇಲೆ ಕೈ ಇಟ್ಕೊಂಡು ಸುಮ್ನೆ ಕೂತ. ಅವನು ಮಷಿನ್ ಶಾಪಿನವನು, ಅವನಿಗೆ ನನಗಿಂತ ಮುಂಚೆ ಅರ್ಥ ಆಗಿತ್ತು. ಒಂದಲ್ಲ, ಎರಡು ಕಾಯಿಲೆ. ಒಂದು ಕ್ಲಚ್ಚಲ್ಲಿ, ಒಂದು ಗೇರ್ ಬಾಕ್ಸಲ್ಲಿ.

ಭಾಗ 6/8

ಫೋಟೋ ಇಲ್ಲ, ಇದು ಕಿವಿ ಪಾಠ. ನಮ್ಮ ಕಾರಲ್ಲಿ ಇಲ್ಲದೇ ಇದ್ದಿದ್ದನ್ನೂ ಬರೀತೀನಿ, ನಿಮ್ಮ ಕಾರಲ್ಲಿ ಇರಬಹುದು.

ಇಂಜಿನ್ ಆನ್, ನ್ಯೂಟ್ರಲ್, ಕಿಟಕಿ ಇಳಿಸಿ, ಹಾಡು ಆಫ್ ಮಾಡಿ. ಮಾರೋರು ಹಾಡು ಹಾಕಿದ್ರೆ ವಿನಯವಾಗಿ ಆಫ್ ಮಾಡ್ಸಿ.

ಕ್ಲಚ್ ತುಳಿದಾಗ ಕುಯ್ಯ್ ಅಂತ ಶುರುವಾಗಿ, ಬಿಟ್ಟಾಗ ನಿಲ್ಲುತ್ತಾ? ಅನುಮಾನ ರಿಲೀಸ್ ಬೇರಿಂಗ್ ಮೇಲೆ. ಉಲ್ಟಾ, ಕ್ಲಚ್ ಬಿಟ್ಟಿದ್ದಾಗ ಸದ್ದು ಇದ್ದು, ತುಳಿದ ತಕ್ಷಣ ನಿಲ್ಲುತ್ತಾ? ಆಗ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ನೋಡಬೇಕು, ಯಾಕಂದ್ರೆ ಕ್ಲಚ್ ತುಳಿದಾಗ ಆ ಶಾಫ್ಟ್ ತಿರುಗೋದು ನಿಲ್ಲುತ್ತೆ. ಇವೆರಡರ ಖರ್ಚಿಗೂ ಅಜಗಜಾಂತರ.

ಓಡುವಾಗ ಒಂದೇ ಗೇರಲ್ಲಿ ಗೊಯ್ಯ್ ಅಂದ್ರೆ ಆ ಗೇರಿನ ಹಲ್ಲು ಅಥವಾ ಬೇರಿಂಗ್. ಯಾವ ಗೇರಾದ್ರೂ ಅದೇ ಗೊಯ್ಯ್, ಸ್ಪೀಡ್ ಜೊತೆ ಏರುತ್ತೆ ಅಂದ್ರೆ ಗೇರ್ ಬಾಕ್ಸಿನ ಔಟ್‌ಪುಟ್ ಕಡೆ ಇರಬಹುದು, ಡಿಫರೆನ್ಷಿಯಲ್ ಇರಬಹುದು, ಚಕ್ರದ ಬೇರಿಂಗೂ ಇರಬಹುದು. ಅದನ್ನ ಲಿಫ್ಟ್ ಮೇಲೆ ಹಾಕಿ ನೋಡಬೇಕು.

ಹೊರಡುವಾಗ ಕಾರು ನಡುಗುತ್ತಾ? ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿರಬಹುದು, ಫ್ಲೈವೀಲ್ ಸುಟ್ಟು ಕಲೆ ಆಗಿರಬಹುದು, ಇಂಜಿನ್ ಮೌಂಟ್ ಹೋಗಿರಬಹುದು.

ಓಡ್ತಾ ಓಡ್ತಾ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗೇರ್ ತಾನಾಗೇ ನ್ಯೂಟ್ರಲ್‌ಗೆ ಹಾರುತ್ತಾ? ಮೌಂಟ್ ಅಥವಾ ಕೇಬಲ್ ಆಗಿದ್ರೆ ಅದೃಷ್ಟ. ಒಳಗಿನ ಫೋರ್ಕ್, ಹಲ್ಲು ಆಗಿದ್ರೆ ದೊಡ್ಡ ಕೆಲಸ. ನಾನಾಗಿದ್ರೆ ಅಲ್ಲೇ ಕೈ ಮುಗಿದು ಬರ್ತಿದ್ದೆ.

ಕೊನೆಗೆ, ಮಾರೋರು ಒಪ್ಪಿದ್ರೆ ಗೇರ್ ಆಯಿಲ್ ನೋಡಿ. ಮ್ಯಾಗ್ನೆಟ್ ಇರೋ ಡ್ರೈನ್ ಪ್ಲಗ್ ಇದ್ರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾಮೂಲಿ. ಚೂರು, ಚಕ್ಕೆ ಸಿಕ್ಕಿದ್ರೆ ಒಳಗೆ ಏನೋ ಒಡೆದಿದೆ.

ಇನ್ನೊಂದು ಪ್ರಶ್ನೆ ಸ್ಪೋರ್ಟ್ಸ್ ಕಾರಿಗೆ ಮಾತ್ರ: "ರೀಮ್ಯಾಪ್ ಮಾಡ್ಸಿದ್ರಾ?" ಟರ್ಬೊ ಕಾರಿನ ಸಾಫ್ಟ್‌ವೇರ್ ಬದಲಾಯಿಸಿ ಟಾರ್ಕ್ ಏರಿಸ್ತಾರೆ. ಕ್ಲಚ್ ಮಾತ್ರ ಹಳೇ ಟಾರ್ಕ್‌ಗೆ ಅಂತ ಮಾಡಿದ್ದು. ನಾವು ಕೇಳಿದಾಗ ಅವರು "ನಾನು ಮಾಡ್ಸಿಲ್ಲ, ಮುಂಚೆ ಇದ್ದವರು ಗೊತ್ತಿಲ್ಲ" ಅಂದ್ರು. ಬರ್ಕೊಂಡೆ.

ಭಾಗ 7/8

ಫೋಟೋ 6: ನನ್ನ ನೋಟ್‌ಬುಕ್ ಪುಟ. ಅಕ್ಷರ ಕೆಟ್ಟದಾಗಿದೆ, ನಗಬೇಡಿ.

ಅಕೌಂಟಿಂಗ್ ಸ್ಟ್ಯಾಂಡರ್ಡ್ 29 ನೆನಪಿದ್ಯಾ ಕ್ಲಾಸ್‌ಮೇಟ್ಸ್? ಖರ್ಚು ಬರೋ ಸಾಧ್ಯತೆನೇ ಹೆಚ್ಚು, ಮೊತ್ತ ನಂಬೋ ಹಾಗೆ ಅಂದಾಜು ಮಾಡಬಹುದು ಅಂದ್ರೆ ಪ್ರಾವಿಷನ್. ಬರುತ್ತೋ ಇಲ್ವೋ, ಬಂದ್ರೆ ಎಷ್ಟೋ ಗೊತ್ತಿಲ್ಲ ಅಂದ್ರೆ ಕಂಟಿಂಜೆಂಟ್ ಲಯಬಿಲಿಟಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ತುಮಕೂರಿನ ಒಂದು ಬೀದಿಯಲ್ಲಿ ಉಪಯೋಗಕ್ಕೆ ಬಂತು.

ಕ್ಲಚ್ ನಮಗೆ ಪ್ರಾವಿಷನ್. ಗೇರ್ ಬಾಕ್ಸ್ ಇಳಿಸದೆ ಕ್ಲಚ್ ಬದಲಾಯಿಸೋಕಾಗಲ್ಲ, ಹಾಗಾಗಿ ಲೇಬರ್ರೇ ದೊಡ್ಡದು. ಅದಕ್ಕೇ ಒಂದು ಸಲ ಇಳಿಸಿದ್ಮೇಲೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಬೇಕು, ಆಯಿಲ್ ಸೀಲ್ ನೋಡಬೇಕು, ಫ್ಲೈವೀಲ್ ಫೇಸಿಂಗ್ ಮಾಡ್ಸಬೇಕು. ಮೇಸ್ತ್ರಿ ಫೋನಲ್ಲಿ ಕೊಟ್ಟ ಲೆಕ್ಕ 40 ಸಾವಿರ.

ಸಿಂಕ್ರೊ ಕಂಟಿಂಜೆಂಟ್. ರಿಂಗ್ ಮಾತ್ರ ಸವೆದಿದ್ರೆ ಒಂದು, ಗೇರಿನ ಹಲ್ಲೂ ತಿಂದಿದ್ರೆ ಇನ್ನೊಂದು. ಹೊಸ ಪಾರ್ಟ್ ಹುಡುಕಬೇಕು, ಸಿಗದಿದ್ರೆ ಹಳೇ ಗೇರ್ ಬಾಕ್ಸೇ ಹುಡುಕಬೇಕು. ಅದಕ್ಕೆ 50 ಸಾವಿರ ತೆಗೆದಿಡಿ ಅಂದ್ರು.

ಒಟ್ಟು 90 ಸಾವಿರ. ಅಣ್ಣ 4 ಲಕ್ಷ 50 ಸಾವಿರಕ್ಕೆ ಕೇಳಿದ. ಮಾರ್ತಿದ್ದವರು ನಕ್ಕರು. "ಇನ್ನಿಬ್ಬರು ಪಾರ್ಟಿ ಕಾಯ್ತಿದ್ದಾರೆ ಸರ್." ನಾನು ವಿಡಿಯೋ ತೋರಿಸಿದೆ, 1,900 ಮತ್ತು 2,700. ಆಗ ಮೊದಲನೇ ಸಲ ನನ್ನ ಮುಖ ನೋಡಿ ಮಾತಾಡಿದ್ರು. ಹತ್ತು ಸಾವಿರ ಇಳಿಸ್ತೀನಿ ಅಂದ್ರು.

ಅಣ್ಣ ಬೀಗದ ಕೈ ವಾಪಸ್ ಕೊಟ್ಟ.

ಬಸ್ಸಲ್ಲಿ ಅವನು ಮಾತಾಡ್ಲಿಲ್ಲ. ನೆಲಮಂಗಲ ಬಂದಾಗ "ಬಿಟ್ಟು ಬರಬಾರದಿತ್ತಾ?" ಅಂತ ಕೇಳಿದೆ. "ಕಾರ್ ತಗೊಂಡ್ಮೇಲೆ ಕೈಯಲ್ಲಿ ಇಪ್ಪತ್ತು ಸಾವಿರ ಉಳಿದಿರೋದು ಕಣೇ. ರಿಪೇರಿಗೆ ಸಾಲ ಮಾಡಿದ್ರೆ ಅಮ್ಮನ ಮುಖ ಹೆಂಗೆ ನೋಡ್ಲಿ?" ಅಂದ.

ಇಷ್ಟಪಟ್ಟ ವಸ್ತುನ ಗೊತ್ತಿದ್ದೂ ಬಿಟ್ಟು ಬರೋದು ಎಷ್ಟು ಕಷ್ಟ ಅಂತ ಆವತ್ತು ಪಕ್ಕದಲ್ಲಿ ಕೂತು ನೋಡಿದೆ. ಯಾವ ಟೆಸ್ಟೂ ಅದಕ್ಕಿಂತ ಕಷ್ಟ ಅಲ್ಲ.

ಭಾಗ 8/8

ಫೋಟೋ 7: ಹಳೇ ಕ್ಲಚ್ ಪ್ಲೇಟ್ ಹತ್ತಿರದಿಂದ. ಫೋಟೋ 8: ಎರಡು ಸಿಂಕ್ರೊ ರಿಂಗ್, ಹೊಸದು ಮತ್ತು ಹಳೇದು.

ಮೂರು ವಾರ ಆದ್ಮೇಲೆ ಫೋನ್ ಬಂತು. ಆ ಇಬ್ಬರು ಪಾರ್ಟಿ ಏನಾದ್ರೋ, "ನಾಲ್ಕು ಅರವತ್ತು ಕೊಡಿ ಸರ್, ತಗೊಂಡು ಹೋಗಿ" ಅಂದ್ರು. ಅಣ್ಣ ಮೇಸ್ತ್ರಿನ ಕರ್ಕೊಂಡು ಹೋಗಿ ಇನ್ನೊಂದು ಸಲ ನೋಡಿಸಿ, 4 ಲಕ್ಷ 55 ಸಾವಿರಕ್ಕೆ ಮುಗಿಸಿದ. ಕಾರು ನೇರ ಗ್ಯಾರೇಜಿಗೆ ಹೋಯ್ತು, ಮನೆಗಲ್ಲ.

ಬಿಚ್ಚೋ ದಿನ ಕಾಲೇಜ್ ಮುಗಿಸಿ ನಾನೂ ಹೋದೆ. ಕ್ಲಚ್ ಪ್ಲೇಟ್ ರಿವೆಟ್ ಹತ್ರದವರೆಗೆ ಸವೆದಿತ್ತು, ಫೋಟೋ 7ರಲ್ಲಿ ಉಗುರು ಇಟ್ಟು ತೋರಿಸಿದೀನಿ. ಫ್ಲೈವೀಲ್ ಮೇಲೆ ನೀಲಿ ಕಲೆಗಳು, ಅದು ಬಿಸಿ ಆಗಿದ್ದರ ಗುರುತು. ಗೇರ್ ಬಾಕ್ಸಲ್ಲಿ ಎರಡನೇ ಗೇರಿನ ಸಿಂಕ್ರೊ ರಿಂಗ್ ಸವೆದಿತ್ತು, ಗೇರಿನ ಹಲ್ಲುಗಳು ಬಚಾವ್. ಇದರಲ್ಲಿ ಕಾರು ಮಾಡಿದವರ ತಪ್ಪೇನಿಲ್ಲ. ಕ್ಲಚ್ಚೂ ಸಿಂಕ್ರೊನೂ ಉಜ್ಜಿ ಉಜ್ಜಿಯೇ ಕೆಲಸ ಮಾಡೋ ವಸ್ತು, ಸವೆಯೋದು ಅದರ ಧರ್ಮ. ಓಡಿಸೋರ ಕಾಲು ಎಷ್ಟು ಬೇಗ ಅನ್ನೋದನ್ನ ತೀರ್ಮಾನ ಮಾಡುತ್ತೆ. ಹಾಫ್ ಕ್ಲಚ್ಚಲ್ಲಿ ಏರಲ್ಲಿ ನಿಲ್ಲಿಸೋರು, ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸೋರು ದಯವಿಟ್ಟು ಗಮನಿಸಿ.

ಬಿಲ್ 78 ಸಾವಿರ. ಕಾರು ಮತ್ತು ರಿಪೇರಿ ಸೇರಿ 5 ಲಕ್ಷ 33 ಸಾವಿರ. ಕೇಳಿದ ಬೆಲೆಗಿಂತ ಕಡಿಮೆ, ಮತ್ತೆ ಕ್ಲಚ್ ಹೊಸದು. ಉಳಿದ ದುಡ್ಡು ಹೆಸರು ಬದಲಾವಣೆಗೆ, ಇನ್ಶೂರೆನ್ಸಿಗೆ ಹೋಯ್ತು. ದೊಡ್ಡಮ್ಮ ನಿಂಬೆಹಣ್ಣು ಚಕ್ರಕ್ಕಿಟ್ಟು, ಹಿಂದಿನ ಸೀಟಲ್ಲಿ ಕೂತು, "ಎತ್ತರ ಕಮ್ಮಿ ಆಯ್ತು, ಮಂಡಿ ನೋಯುತ್ತೆ" ಅಂದ್ರು. ಆದ್ರೆ ಇಳೀಲಿಲ್ಲ, ಒಂದು ರೌಂಡ್ ಹಾಕ್ಸಿದ್ರು.

ಸೇವ್ ಮಾಡ್ಕೊಳ್ಳೋಕೆ ಪೂರ್ತಿ ಕ್ರಮ ಇಲ್ಲಿದೆ:

1. ಬಾನೆಟ್ ಮುಟ್ಟಿ. ಬಿಸಿ ಇದ್ರೆ ನಾಳೆ ಬನ್ನಿ.
2. ಪೆಡಲ್ ತುಳಿದು ನೋಡಿ, ಒದ್ದೆ ಹುಡುಕಿ.
3. ಇಂಜಿನ್ ಆಫಲ್ಲಿ ಒಮ್ಮೆ, ಆನಲ್ಲಿ ಒಮ್ಮೆ ಎಲ್ಲ ಗೇರ್ ಹಾಕಿ.
4. ಕ್ಲಚ್ ತುಳಿದು, ಬಿಟ್ಟು, ಸದ್ದು ಕೇಳಿ.
5. ತಣ್ಣಗಿದ್ದಾಗಲೇ ಓಡಿಸಿ, ಯಾವ ಗೇರ್ ಕೂಗುತ್ತೆ ಬರ್ಕೊಳ್ಳಿ.
6. ಕೂಗಿದ್ರೆ ಡಬಲ್ ಕ್ಲಚ್ ಮಾಡಿ ನೋಡಿ.
7. ಖಾಲಿ ರಸ್ತೆಯ ಏರಲ್ಲಿ, ನಾಲ್ಕನೇ ಗೇರಲ್ಲಿ ಸ್ಲಿಪ್ ಟೆಸ್ಟ್. ಪಕ್ಕದವರು ವಿಡಿಯೋ ಮಾಡ್ಲಿ, ಓಡಿಸೋರು ಫೋನ್ ಮುಟ್ಟಬಾರದು.
8. ಟೋಕನ್ ಅಡ್ವಾನ್ಸ್ ಕೊಡೋಕೆ ಮುಂಚೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ. ಅವರ ಅರ್ಧ ದಿನದ ಕೂಲಿ ಕೊಡಿ, ಬಿಟ್ಟಿ ಕೇಳಬೇಡಿ.

"ಅಡ್ಜಸ್ಟ್ ಮಾಡಿಸಿದ್ರೆ ಸರಿ ಹೋಗುತ್ತೆ" ಅಂತ ಯಾರಾದ್ರೂ ಅಂದ್ರೆ, "ಹಾಗಾದ್ರೆ ನೀವೇ ಮಾಡಿಸಿ ಕೊಡಿ ಸರ್" ಅನ್ನಿ. ಆಮೇಲೆ ಅವರ ಮುಖ ನೋಡಿ.

ಕಾರ್ ತಗೊಳ್ಳೋ ಫ್ರೆಂಡ್‌ಗೆ ಕಳ್ಸಿ. ನಿಮ್ಮ ಗಾಡಿ ಏನಂತ ಸದ್ದು ಮಾಡುತ್ತೆ ಅಂತ ಕಮೆಂಟಲ್ಲಿ ಬರೀರಿ, ನಂಗೆ ಗೊತ್ತಾಗದಿದ್ರೆ ಮೇಸ್ತ್ರಿನ ಕೇಳಿ ಹೇಳ್ತೀನಿ.

#ಕ್ಲಚ್ಚಾಗೇರ್‌ಬಾಕ್ಸಾ #ಅಣ್ಣನಕಾರು #ಬಿಕಾಂಲೆಕ್ಕ